ಎರವಲು ಉಸಿರಿನ ಇತಿಹಾಸ

ಖಜೂರಿ ಎಂಬ ಹೆಸರನ್ನು ಕೇಳಿದ ಹೊರಗಿನವರು ನಮ್ಮೂರಿನಲ್ಲಿ ಖರ್ಜೂರದ ತೋಪುಗಳಿರಬೇಕೆಂದು ಊಹಿಸುವುದುಂಟು. ಇರುವುದು ತೊಗರಿ ಮತ್ತು ಜೋಳ. ಆಳಂದ ತಾಲ್ಲೂಕಿನ ಈ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವುದರಿಂದ ನಮ್ಮ ಮಂದಿಯ ನಾಲಗೆಯ ಮೇಲೆ ಕನ್ನಡದ ಜೊತೆಗೆ ಮರಾಠಿಯೂ ಸಲೀಸಾಗಿ ಆಡುತ್ತದೆ. ಬೇಸಿಗೆಯ ವಿಷಯವನ್ನು ಕಲಬುರಗಿ ಸೀಮೆಯ ಕೇಳುಗರಿಗೆ ನಾನು ವಿವರಿಸಬೇಕಾದುದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಿಡಲಾಗದು. ಮೈಮೇಲೆ ಹೊಮ್ಮಿದ ಬೆವರು ಹರಿಯುವುದಕ್ಕೆ ಮೊದಲೇ ಆರಿ ಹೋಗುತ್ತದೆ.

ಅಂಥದೊಂದು ಬೇಸಿಗೆಯಲ್ಲಿ, ೧೯೭೦ರಲ್ಲಿ, ನನ್ನ ತಂಗಿಯೊಬ್ಬಳು ತೀರಿಕೊಂಡಳು. ಆಗ ಅವಳಿಗೆ ಆರು ವರ್ಷ, ನನಗೆ ಹನ್ನೆರಡು. ಅವಳು ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದಳು. ನಮ್ಮೆಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದಳು, ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ತೊಗರಿಕಟ್ಟಿಗೆಯಂತೆ ಸಣ್ಣಗಿದ್ದವು. ಪಟ್ಟಣದ ವೈದ್ಯರು ಕ್ಷಯವೆಂದು ತಿಳಿದು ಬಹಳ ದಿನ ಸೂಜಿಮದ್ದು ಕೊಟ್ಟರು. ಎದೆ ತುಂಬ ಕಫವಿದ್ದ ಬಡಕಲು ಕೂಸನ್ನು ಕಂಡು ಅಂದು ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ನನಗೆ ಇಂದಿಗೂ ಮರೆಯದಿರುವುದು ನಮ್ಮ ಅಜ್ಜಿ ಆಡಿದ ಒಂದು ಮಾತು. ಮಧ್ಯಾಹ್ನ ನಿದ್ದೆಯಿಂದ ಎದ್ದ ಕೂಸಿನ ಹಣೆಗೆ ಮುದ್ದಿಟ್ಟು, ತುಟಿ ಒರೆಸಿಕೊಂಡು, ಆಕೆ ನಮ್ಮ ಅವ್ವನಿಗೆ, "ಈ ಕೂಸಿನ ಮೈ ಉಪ್ಪುಪ್ಪು ಅದ ನೋಡವ್ವಾ, ಹಣಿ ಮ್ಯಾಲ ಬೆಳ್ಳಗ ಉಪ್ಪು ಕೂತದ" ಅಂದಳು. ನಾನು ಹತ್ತಿರ ಹೋಗಿ ನೋಡಿದೆ. ಬೆವರು ಆರಿದ ಕಡೆ, ಕೂದಲಂಚಿನಲ್ಲಿ, ಬಿಳಿಯ ಹುಡಿ ನಿಜವಾಗಿಯೂ ಇತ್ತು. ಅದಾಗಿ ಎರಡು ವಾರಕ್ಕೆ ಬಿಸಿಲಿನ ಝಳ ಹೆಚ್ಚಾದ ದಿನ ಅವಳು ಬಾಡಿ ಮಲಗಿದವಳು ಮತ್ತೆ ಏಳಲಿಲ್ಲ.

ನಾನು ಕನ್ನಡದ ಮೇಷ್ಟ್ರು. ಹಳಗನ್ನಡ ವ್ಯಾಕರಣವನ್ನೂ ಛಂದಸ್ಸನ್ನೂ ಮೂರು ದಶಕಗಳ ಕಾಲ ಹುಡುಗರಿಗೆ ಹೇಳಿಕೊಟ್ಟವನಿಗೆ ವೈದ್ಯದ ಚರಿತ್ರೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಅಜ್ಜಿಯ ಆ ಮಾತೇ ನನ್ನನ್ನು ಇದಕ್ಕೆ ಎಳೆದು ತಂದಿತು. ನಿವೃತ್ತನಾದ ಮೇಲೆ ಒಂದು ಇಂಗ್ಲಿಷ್ ಪುಸ್ತಕದಲ್ಲಿ, ಯೂರೋಪಿನ ಜನಪದರಲ್ಲಿ ಬಳಕೆಯಲ್ಲಿದ್ದ ಒಂದು ಹಳೆಯ ನಂಬಿಕೆಯ ಪ್ರಸ್ತಾಪವನ್ನು ಕಂಡೆ: ಹಣೆಗೆ ಮುದ್ದಿಟ್ಟಾಗ ಉಪ್ಪೆನಿಸುವ ಕೂಸು ಬಹಳ ದಿನ ಬಾಳದು ಎಂದು. ಓದಿದವನೇ ಪುಸ್ತಕ ಮುಚ್ಚಿಟ್ಟು ಎದ್ದು ಹೊರಗೆ ಬಂದೆ. ಸಾವಿರಾರು ಹರದಾರಿ ದೂರದ ಅಜ್ಜಿಯರೂ ನಮ್ಮ ಅಜ್ಜಿಯೂ ಒಂದೇ ರುಚಿಯನ್ನು ಕಂಡಿದ್ದರು. ನನ್ನ ತಂಗಿಗೆ ಇದ್ದದ್ದು ಅದೇ ರೋಗವೆಂದು ಆಣೆಯಿಟ್ಟು ಹೇಳಲಾರೆ, ಏಕೆಂದರೆ ಪರೀಕ್ಷೆ ಮಾಡಿದವರಿಲ್ಲ. ಆದರೆ ಆ ದಿನದಿಂದ ಈ ರೋಗದ ಕಥೆ ನನಗೆ ಮನೆಯ ಕಥೆಯಾಯಿತು.

ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಇದಕ್ಕೆ ಕನ್ನಡದಲ್ಲಿ ಜನ ಒಪ್ಪಿ ಬಳಸುವ ಹೆಸರೊಂದು ಇನ್ನೂ ನೆಲೆಗೊಂಡಿಲ್ಲ. ೧೯೬೫ರಲ್ಲಿ ಅಮೆರಿಕದ ನಾಲ್ಕು ವರ್ಷದ ಹುಡುಗನೊಬ್ಬ, ತನ್ನ ತಾಯಿ ದೂರವಾಣಿಯಲ್ಲಿ ಮತ್ತೆ ಮತ್ತೆ ಉಚ್ಚರಿಸುತ್ತಿದ್ದ ಈ ಹೆಸರನ್ನು "ಸಿಕ್ಸ್‌ಟಿ ಫೈವ್ ರೋಸಸ್" ಎಂದು ಕೇಳಿಸಿಕೊಂಡನಂತೆ. ಅರವತ್ತೈದು ಗುಲಾಬಿಗಳು! ಅಲ್ಲಿಯ ರೋಗಿಗಳ ಸಂಘದವರು ಆ ತಪ್ಪುಚ್ಚಾರವನ್ನೇ ತಮ್ಮ ಗುರುತಾಗಿ ಮಾಡಿಕೊಂಡಿದ್ದಾರೆ. ನಾನು ಮಾತ್ರ ಈ ಭಾಷಣದಲ್ಲಿ ಅಜ್ಜಿಯನ್ನು ನೆನೆದು ಉಪ್ಪುಬೆವರಿನ ರೋಗವೆಂದೇ ಕರೆಯುತ್ತೇನೆ. ಪಂಡಿತರು ಕ್ಷಮಿಸಬೇಕು.

ಈ ರೋಗವನ್ನು ಒಂದು ಪ್ರತ್ಯೇಕ ರೋಗವೆಂದು ಮೊದಲು ಸ್ಪಷ್ಟವಾಗಿ ಗುರುತಿಸಿದವರು ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ. ಸತ್ತ ಮಕ್ಕಳ ಶವಪರೀಕ್ಷೆ ಆಕೆಯ ಕೆಲಸವಾಗಿತ್ತು. ಅಜೀರ್ಣದಿಂದ ಸತ್ತಿತೆಂದು ತಿಳಿದಿದ್ದ ಒಂದು ಮಗುವಿನ ಮೇದೋಜೀರಕ ಗ್ರಂಥಿ ಗಂಟುಗಟ್ಟಿ ನಾರಾಗಿದ್ದುದನ್ನು ಕಂಡು, ಹಳೆಯ ದಾಖಲೆಗಳನ್ನೆಲ್ಲ ಕೆದಕಿ, ಅಂಥವೇ ಹಲವು ಮಕ್ಕಳ ವಿವರಗಳನ್ನು ಜೋಡಿಸಿ ೧೯೩೮ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ನಂತರ, ೧೯೪೮ರ ಬೇಸಿಗೆಯಲ್ಲಿ, ನ್ಯೂಯಾರ್ಕಿನಲ್ಲಿ ಅಸಾಧಾರಣವಾದ ಸೆಕೆ ಬಿತ್ತು. ಬಿಸಿಲಿನ ಹೊಡೆತಕ್ಕೆ ಬಾಡಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗದ ಮಕ್ಕಳೇ ಎದ್ದು ಕಾಣುತ್ತಿದ್ದರು. ಪಾಲ್ ಡಿ ಸಾಂಟಾನೀಸ್ ಎಂಬ ವೈದ್ಯರು ಇದೇಕೆ ಹೀಗೆಂದು ಯೋಚಿಸಿ, ಆ ಮಕ್ಕಳ ಬೆವರನ್ನು ಸಂಗ್ರಹಿಸಿ ನೋಡಿದರು. ಅದರಲ್ಲಿ ಉಪ್ಪಿನ ಅಂಶ ಇತರರ ಬೆವರಿನಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ೧೯೫೩ರಲ್ಲಿ ಅವರು ಅದನ್ನು ಜಗತ್ತಿಗೆ ತಿಳಿಸಿದರು. ೧೯೫೯ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು, ಸಣ್ಣ ವಿದ್ಯುತ್ ಪ್ರವಾಹದ ನೆರವಿನಿಂದ ಮಗುವಿನ ತೋಳಿನ ಮೇಲೆ ಅಂಗೈಯಗಲ ಮಾತ್ರ ಬೆವರು ಬರಿಸಿ ಅಳೆಯುವ ನಿರಪಾಯಕಾರಿ ವಿಧಾನವನ್ನು ರೂಪಿಸಿದರು. ಇಂದಿಗೂ ರೋಗವನ್ನು ಖಚಿತಪಡಿಸುವ ಮುಖ್ಯ ಪರೀಕ್ಷೆ ಅದೇ. ಅಜ್ಜಿಯ ತುಟಿ ಮಾಡಿದ ಕೆಲಸವನ್ನು ಅದು ಅಂಕಿಗಳಲ್ಲಿ ಮಾಡುತ್ತದೆ.

ನಮ್ಮ ದೇಶದಲ್ಲಿ ಇಂಥ ರೋಗಿಗಳ ವರದಿ ವೈದ್ಯಪತ್ರಿಕೆಗಳಲ್ಲಿ ಬಂದದ್ದು ೧೯೬೮ರ ಹೊತ್ತಿಗೆ. ಅದಕ್ಕೆ ಮೊದಲೂ, ಆಮೇಲೆ ಬಹಳ ಕಾಲವೂ, ಇದು ಬಿಳಿಯರ ರೋಗ, ಭಾರತದಲ್ಲಿಲ್ಲ ಎಂಬ ತಿಳಿವಳಿಕೆ ಬಲವಾಗಿತ್ತು. ಇಲ್ಲವೆಂದು ತಿಳಿದವರು ಹುಡುಕುವುದಿಲ್ಲ, ಹುಡುಕದಿದ್ದರೆ ಸಿಗುವುದೂ ಇಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳಂಥ ಕಡೆಗಳಲ್ಲಿ ಮನಸ್ಸಿಟ್ಟು ಬೆವರನ್ನು ಅಳೆಯತೊಡಗಿದ ಮೇಲೆ ಮಕ್ಕಳು ಕಾಣಿಸಿಕೊಂಡರು.

ರೋಗದ ಮೂಲ ೧೯೮೯ರಲ್ಲಿ ಗೊತ್ತಾಯಿತು. ಲಾಪ್ ಚೀ ಸುಯ್, ಫ್ರಾನ್ಸಿಸ್ ಕಾಲಿನ್ಸ್, ಜಾನ್ ರಿಯೊರ್ಡಾನ್ ಇವರ ತಂಡಗಳು ಏಳನೆಯ ವರ್ಣತಂತುವಿನಲ್ಲಿ ಕೆಟ್ಟ ವಂಶವಾಹಿಯನ್ನು ಹುಡುಕಿ ತೆಗೆದವು. ಜೀವಕೋಶದ ಗೋಡೆಯಲ್ಲಿ ಉಪ್ಪಿನಂಶ ಆಚೀಚೆ ಹಾಯುವುದಕ್ಕೆ ಒಂದು ಕಿಂಡಿ ಇರುತ್ತದೆ. ಆ ಕಿಂಡಿ ಸರಿಯಾಗಿ ತೆರೆಯದಿರುವುದೇ ರೋಗ. ಚರ್ಮದಲ್ಲಿ ಅದರ ಫಲವಾಗಿ ಉಪ್ಪು ಒಳಕ್ಕೆ ಮರಳದೆ ಬೆವರಿನೊಡನೆ ಹೋಗಿಬಿಡುತ್ತದೆ. ಶ್ವಾಸಕೋಶದಲ್ಲಿ ಲೋಳೆಯ ನೀರಾರಿ ಅದು ಅಂಟಂಟಾಗಿ ಕುಳಿತುಬಿಡುತ್ತದೆ. ತಂದೆ ತಾಯಿ ಇಬ್ಬರಲ್ಲೂ ಈ ದೋಷ ಅರೆಪಾಲು ಅಡಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲೊಂದರಂತೆ ಮಗುವಿಗೆ ರೋಗ ಬರುವ ಸಂಭವವುಂಟು. ನಮ್ಮ ತಂದೆ ತಾಯಿಯರದು ಸೋದರಿಕೆಯ ಮದುವೆ. ನಮ್ಮ ಸೀಮೆಯಲ್ಲಿ ಅದು ಹೊಸತಲ್ಲ. ಹೊಲ ಮನೆ ಹರಿದು ಹೋಗಬಾರದೆಂದು ಮಾಡಿಕೊಂಡ ಸಂಬಂಧ.

ಇನ್ನು ಆ ಅಂಟುಲೋಳೆಯಲ್ಲಿ ಮನೆ ಮಾಡುವವರ ವಿಷಯ. ಕಟ್ಟಿನಿಂತ ಹೊಂಡದಲ್ಲಿ ಪಾಚಿ ಬೆಳೆದಂತೆ ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳಲ್ಲಿ ಮುಖ್ಯವಾದುದು ಸ್ಯೂಡೊಮೋನಾಸ್ ಎರುಜಿನೋಸಾ. ಎರುಗೊ ಎಂದರೆ ಲ್ಯಾಟಿನ್‌ನಲ್ಲಿ ತಾಮ್ರದ ಕಿಲುಬು. ಅದು ಬಿಡುವ ಬಣ್ಣ ಹಸಿರಾದುದರಿಂದ ಆ ಹೆಸರು. ಅಟ್ಟದ ಮೇಲಿನ ತಾಮ್ರದ ಹಂಡೆಗೆ ಹತ್ತಿದ ಕಿಲುಬನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೆಗೆಯಬಹುದು. ಈ ಕಿಲುಬು ಹಾಗಲ್ಲ. ಶ್ವಾಸಕೋಶದಲ್ಲಿ ಕೆಲವು ವರ್ಷ ನೆಲೆಸಿತೆಂದರೆ ತನ್ನ ಸುತ್ತ ತಾನೇ ಒಂದು ಲೋಳೆಯ ಕೋಟೆಯನ್ನು ಕಟ್ಟಿಕೊಳ್ಳುತ್ತದೆ. ಔಷಧ ಕೋಟೆಯ ಹೊರಗಿನವನ್ನು ಕೊಲ್ಲುತ್ತದೆ, ಒಳಗಿನವು ಉಳಿಯುತ್ತವೆ. ಮತ್ತೆ ಜ್ವರ, ಮತ್ತೆ ಔಷಧ. ಹೀಗೆ ವರ್ಷ ವರ್ಷಕ್ಕೂ ಶ್ವಾಸಕೋಶ ಸವೆದು ಕೊನೆಗೆ ಉಸಿರಾಟಕ್ಕೆ ಸಾಲದಾಗುತ್ತದೆ. ಆಗ ಉಳಿಯುವ ದಾರಿ ಒಂದೇ, ಬೇರೆಯವರ ಶ್ವಾಸಕೋಶವನ್ನು ಕಸಿ ಮಾಡುವುದು.

ಕಸಿ ಎಂಬುದು ನಮ್ಮ ತೋಟಗಾರರ ಮಾತು. ಮಾವಿನ ಗಿಡಕ್ಕೆ ಬೇರೆ ಮಾವಿನ ಕುಡಿಯನ್ನು ಕಟ್ಟುವವರು ಬಳಸುತ್ತಿದ್ದ ಶಬ್ದವನ್ನು ಯಾರು ಮೊದಲು ಮನುಷ್ಯನ ಅಂಗಕ್ಕೆ ಬಳಸಿದರೋ, ಅವರಿಗೆ ಒಳ್ಳೆಯ ಕಿವಿಯಿತ್ತು. ಆದರೆ ಮರ ಮರವನ್ನು ಒಪ್ಪಿಕೊಂಡಷ್ಟು ಸುಲಭವಾಗಿ ಮೈ ಮೈಯನ್ನು ಒಪ್ಪುವುದಿಲ್ಲ.

ಮನುಷ್ಯನಿಗೆ ಶ್ವಾಸಕೋಶದ ಕಸಿಯನ್ನು ಮೊದಲು ಮಾಡಿದವರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದ ಜೇಮ್ಸ್ ಹಾರ್ಡಿ. ದಿನ ೧೯೬೩ರ ಜೂನ್ ೧೧. ರೋಗಿ ಕೊಲೆಯ ಅಪರಾಧಕ್ಕೆ ಜೀವಾವಧಿ ಸೆರೆ ಅನುಭವಿಸುತ್ತಿದ್ದವನು, ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆಗೆ ಒಪ್ಪಿದವನ ಶಿಕ್ಷೆಯನ್ನು ರಾಜ್ಯಪಾಲರು ಮಾಫಿ ಮಾಡಿದರು. ಆತ ಹದಿನೆಂಟು ದಿನ ಬದುಕಿದ. ಹೊಸ ಶ್ವಾಸಕೋಶ ಉಸಿರಾಡಿತು, ಮೂತ್ರಪಿಂಡ ಕೈಕೊಟ್ಟಿತು. ಇತಿಹಾಸ ಓದುವವರಿಗೆ ಆ ರಾತ್ರಿಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೇ ಊರಿನಲ್ಲಿ, ಅದೇ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಕ್ಕಿದರು. ಅವರನ್ನು ಎತ್ತಿಕೊಂಡು ಬಂದದ್ದು ಇದೇ ಆಸ್ಪತ್ರೆಗೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಯೇ ಪ್ರಾಣ ಹೋಯಿತು. ಮರುದಿನ ಪತ್ರಿಕೆಗಳಲ್ಲಿ ಯಾವ ಸುದ್ದಿ ದೊಡ್ಡದಾಯಿತೆಂದು ಹೇಳಬೇಕಾದುದಿಲ್ಲ. ಒಂದೇ ಸೂರಿನ ಕೆಳಗೆ ಒಬ್ಬ ಕೊಲೆಗಾರನಿಗೆ ಉಸಿರು ಬಂದಿತ್ತು, ಕೊಲೆಯಾದವನ ಉಸಿರು ಹೋಗಿತ್ತು.

ಹಾರ್ಡಿಯವರ ನಂತರದ ಇಪ್ಪತ್ತು ವರ್ಷ ಸೋಲಿನ ಚರಿತ್ರೆ. ಸುಮಾರು ನಲವತ್ತು ಮಂದಿಗೆ ಕಸಿ ಮಾಡಿದರು. ಹೆಚ್ಚಿನವರು ಕೆಲವೇ ದಿನಗಳಲ್ಲಿ ಸತ್ತರು. ಬೆಲ್ಜಿಯಮ್ಮಿನ ಘೆಂಟ್ ನಗರದಲ್ಲಿ ೧೯೬೮ರಲ್ಲಿ ಫ್ರಿಟ್ಸ್ ಡೆರೊಮ್ ಅವರ ಕೈಯಲ್ಲಿ ಒಬ್ಬ ತರುಣ ಹತ್ತು ತಿಂಗಳು ಬದುಕಿದ್ದೇ ಆ ಕಾಲದ ದೊಡ್ಡ ಸಾಧನೆ. ಆತ ಮರಳಿನ ಧೂಳನ್ನು ಕುಡಿದು ಎದೆ ಕೆಡಿಸಿಕೊಂಡ ಕಾರ್ಮಿಕ. ನಮ್ಮ ಶಹಾಬಾದಿನ ಕಲ್ಲಿನ ಗಣಿಗಳನ್ನು ಕಂಡವರಿಗೆ ಕಲ್ಲುಧೂಳು ಎಂಥದೆಂದು ಗೊತ್ತು. ಸೋಲಿಗೆ ಕಾರಣ ಬಹುಮಟ್ಟಿಗೆ ಒಂದು ಹೊಲಿಗೆಯಲ್ಲಿತ್ತು. ಹೊಸ ಶ್ವಾಸಕೋಶದ ಉಸಿರ್ನಾಳವನ್ನು ರೋಗಿಯ ಉಸಿರ್ನಾಳಕ್ಕೆ ಹೊಲಿದ ಜಾಗ ಎರಡು ಮೂರು ವಾರಗಳಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಟೊರಾಂಟೊದ ಜೋಯೆಲ್ ಕೂಪರ್ ಅವರಿಗೂ ೧೯೭೮ರಲ್ಲಿ ಹೀಗೆಯೇ ಆಯಿತು. ಅವರು ಮತ್ತೊಂದು ರೋಗಿಯನ್ನು ಮುಟ್ಟದೆ ಪ್ರಯೋಗಶಾಲೆಗೆ ಮರಳಿದರು. ಮೈ ಪರಕೀಯ ಅಂಗವನ್ನು ತಿರಸ್ಕರಿಸದಿರಲೆಂದು ಕೊಡುತ್ತಿದ್ದ ಸ್ಟಿರಾಯ್ಡ್ ಔಷಧವೇ ಗಾಯ ಮಾಯದಂತೆ ತಡೆಯುತ್ತಿದೆ ಎಂಬುದನ್ನು ನಾಯಿಗಳ ಮೇಲಿನ ಪ್ರಯೋಗಗಳಿಂದ ಕಂಡುಕೊಂಡರು. ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಮೇಲಕ್ಕೆಳೆದು ಹೊಲಿಗೆಗೆ ಸುತ್ತಿದರೆ ಅಲ್ಲಿಗೆ ರಕ್ತ ಹರಿದು ಗಾಯ ಕೂಡುತ್ತದೆಂಬುದೂ ಗೊತ್ತಾಯಿತು.

ಆ ಹೊತ್ತಿಗೆ ಸರಿಯಾಗಿ ಸೈಕ್ಲೋಸ್ಪೋರಿನ್ ಎಂಬ ಔಷಧ ಕೈಗೆ ಬಂತು. ಅದರ ಹುಟ್ಟು ನಾರ್ವೆ ದೇಶದ ಹಾರ್ಡಂಗರ್‌ವಿಡ್ಡ ಎಂಬ ಬಂಜರು ಪ್ರಸ್ಥಭೂಮಿಯ ಒಂದು ಹಿಡಿ ಮಣ್ಣಿನಲ್ಲಿ. ಸ್ವಿಟ್ಸರ್ಲೆಂಡಿನ ಸ್ಯಾಂಡೋಜ್ ಕಂಪನಿಯ ನೌಕರರು ರಜೆಗೆ ಹೋದ ಕಡೆಯಿಂದೆಲ್ಲ ಮಣ್ಣು ತರುವ ರೂಢಿಯಿತ್ತು. ಆ ಮಣ್ಣಿನ ಬೂಷ್ಟಿನಿಂದ ತೆಗೆದ ಪದಾರ್ಥ ಇದು. ಸ್ಟಿರಾಯ್ಡನ್ನು ಕಡಿಮೆ ಮಾಡಲು ಇದರಿಂದ ಸಾಧ್ಯವಾಯಿತು. ೧೯೮೩ರ ನವೆಂಬರಿನಲ್ಲಿ ಕೂಪರ್ ಮಾಡಿದ ಒಂದು ಶ್ವಾಸಕೋಶದ ಕಸಿ ಫಲಿಸಿತು, ರೋಗಿ ಆರು ವರ್ಷಕ್ಕೂ ಮೀರಿ ಬದುಕಿದ.

ಆದರೆ ಉಪ್ಪುಬೆವರಿನ ರೋಗದವರಿಗೆ ಒಂದೇ ಶ್ವಾಸಕೋಶವನ್ನು ಹಾಕುವಂತಿರಲಿಲ್ಲ. ಕಸಿಯಾದವರು ಬದುಕಿರುವ ತನಕ ಮೈಯ ಕಾವಲನ್ನು ಕುಗ್ಗಿಸುವ ಔಷಧ ಸೇವಿಸಬೇಕು. ಪಕ್ಕದಲ್ಲಿ ಹಳೆಯ ಶ್ವಾಸಕೋಶ ಕಿಲುಬು ಹತ್ತಿದ ಹಂಡೆಯಂತೆ ಉಳಿದರೆ, ಕಾವಲಿಲ್ಲದ ಹೊಸದಕ್ಕೆ ಅದರ ರೋಗ ಒಂದೇ ದಿನದಲ್ಲಿ ಹರಡೀತು. ಎರಡನ್ನೂ ತೆಗೆಯಲೇಬೇಕು. ಹೃದಯ ಶ್ವಾಸಕೋಶಗಳನ್ನು ಒಟ್ಟಾಗಿ ಬದಲಿಸುವ ಚಿಕಿತ್ಸೆಯನ್ನು ಬ್ರೂಸ್ ರೈಟ್ಸ್ ಅವರು ಸ್ಟ್ಯಾನ್‌ಫೋರ್ಡಿನಲ್ಲಿ ೧೯೮೧ರ ಮಾರ್ಚ್ ೯ರಂದು ಸಾಧಿಸಿ ತೋರಿಸಿದ್ದರು. ಈ ದಾರಿಯನ್ನು ಹಿಡಿದು ಉಪ್ಪುಬೆವರಿನ ರೋಗಿಗಳಿಗೆ ಮೊದಲಿಗೆ ಬಾಗಿಲು ತೆರೆದವರಲ್ಲಿ ಲಂಡನ್ನಿನ ಹತ್ತಿರದ ಹೇರ್‌ಫೀಲ್ಡ್ ಆಸ್ಪತ್ರೆಯ, ಈಜಿಪ್ಟ್ ಮೂಲದ ಮಗ್ದಿ ಯಾಕೂಬ್ ಪ್ರಮುಖರು. ಅದು ೧೯೮೦ರ ದಶಕದ ನಡುಭಾಗ. ಇಷ್ಟೊಂದು ಸೋಂಕು ತುಂಬಿದ ಮೈಗೆ ಕಸಿ ಮಾಡುವುದು ಹುಚ್ಚುತನವೆಂದು ಹಲವರು ತಿಳಿದಿದ್ದ ಕಾಲದಲ್ಲಿ ಅವರು ಮಾಡಿದರು, ರೋಗಿಗಳು ಬದುಕಿದರು.

ಇಲ್ಲಿ ಒಂದು ವಿಚಿತ್ರ ಬೆಳವಣಿಗೆಯಾಯಿತು. ಈ ರೋಗದವರ ಹೃದಯ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಶ್ವಾಸಕೋಶಗಳ ಜೊತೆಗೆ ಅದನ್ನೂ ಹೊರತೆಗೆದ ಮೇಲೆ ಏಕೆ ಎಸೆಯಬೇಕು? ೧೯೮೭ರ ಮೇ ತಿಂಗಳಲ್ಲಿ ಬಾಲ್ಟಿಮೋರಿನಲ್ಲಿ ಈ ರೋಗದ ಯುವಕನೊಬ್ಬ ಸತ್ತವನೊಬ್ಬನ ಹೃದಯ ಶ್ವಾಸಕೋಶಗಳನ್ನು ಪಡೆದು, ತನ್ನ ಸ್ವಂತ ಹೃದಯವನ್ನು ಮತ್ತೊಬ್ಬ ರೋಗಿಗೆ ಕೊಟ್ಟ. ಹೃದಯದಾನ ಮಾಡಿದ ಮೇಲೂ ಬದುಕಿದ್ದು, ತನ್ನ ಹೃದಯವನ್ನು ಎದೆಯಲ್ಲಿ ಹೊತ್ತ ಇನ್ನೊಬ್ಬನನ್ನು ಲೋಕದಲ್ಲಿ ಉಳಿಸಿದವನ ಬಗ್ಗೆ ನಮ್ಮ ಪುರಾಣಕಾರರಿಗೂ ಕಲ್ಪನೆ ಓಡಿರಲಿಕ್ಕಿಲ್ಲ. ಮುಂದೆ ೧೯೮೮ರಲ್ಲಿ ಟೊರಾಂಟೊದಲ್ಲಿ ಹೃದಯವನ್ನು ಮುಟ್ಟದೆ ಎರಡು ಶ್ವಾಸಕೋಶಗಳನ್ನು ಮಾತ್ರ ಬದಲಿಸಿದರು. ಇಂದು ನಡೆಯುವುದು ಹೆಚ್ಚಾಗಿ ಈ ವಿಧಾನ. ಎಡ ಬಲಗಳನ್ನು ಒಂದಾದ ಮೇಲೊಂದರಂತೆ ಹೊಲಿಯುತ್ತಾರೆ.

ಹೊಸ ಶ್ವಾಸಕೋಶ ದಾನಿಯ ವಂಶವಾಹಿಗಳಿಂದಾದುದು, ಆದ್ದರಿಂದ ಅದಕ್ಕೆ ಈ ರೋಗ ಮತ್ತೆ ಬರುವುದಿಲ್ಲ. ಮೈಯ ಉಳಿದ ಭಾಗದ ಬೆವರು ಮಾತ್ರ ಉಪ್ಪಾಗಿಯೇ ಇರುತ್ತದೆ. ಮೂಗಿನ ಸುತ್ತಲಿನ ಎಲುಬಿನ ಪೊಟರೆಗಳಲ್ಲಿ, ಹೊಲಿಗೆಯ ಮೇಲಿನ ಗಂಟಲನಾಳದಲ್ಲಿ ಹಳೆಯ ಬ್ಯಾಕ್ಟೀರಿಯಾಗಳು ಉಳಿದಿರುತ್ತವೆ. ಅಲ್ಲಿಂದ ಅವು ಕೆಳಗಿಳಿಯುತ್ತವೆ. ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿದರೂ ಅಟ್ಟದಲ್ಲಿ ಹಳೆಯ ಇಲಿಗಳು ಉಳಿದಂತೆ. ಆದರೂ ಕಿಲುಬಿನ ಬ್ಯಾಕ್ಟೀರಿಯಾ ಇದ್ದವರು ಕಸಿಯಾದ ಮೇಲೆ ಚೆನ್ನಾಗಿ ಬದುಕಬಲ್ಲರೆಂಬುದು ಅನುಭವದಿಂದ ಸಿದ್ಧವಾಯಿತು. ಬಾಗಿಲಿನಲ್ಲಿ ಅಡ್ಡ ನಿಂತದ್ದು ಇನ್ನೊಂದು.

ಆ ಇನ್ನೊಂದರ ಹೆಸರು ಉಳ್ಳಾಗಡ್ಡಿಯದು. ೧೯೫೦ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್ ಎಂಬವರು, ಉಳ್ಳಾಗಡ್ಡಿಯ ಪದರುಗಳು ಹುಳಿವಾಸನೆ ಹೊಡೆದು ಕೊಳೆಯುವುದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ವರ್ಣಿಸಿ ಸೆಪೇಸಿಯಾ ಎಂದು ಹೆಸರಿಟ್ಟರು. ಸೆಪ ಎಂದರೆ ಲ್ಯಾಟಿನ್‌ನಲ್ಲಿ ಉಳ್ಳಾಗಡ್ಡಿ. ೧೯೯೨ರಲ್ಲಿ ಅವರ ಗೌರವಾರ್ಥ ಅದರ ಕುಲಕ್ಕೆ ಬರ್ಕ್‌ಹೋಲ್ಡೇರಿಯಾ ಎಂಬ ಹೆಸರಾಯಿತು. ಗೂಡಿನಲ್ಲಿ ಕೂಡಿಟ್ಟ ಉಳ್ಳಾಗಡ್ಡಿಯಲ್ಲಿ ಒಂದು ಕೊಳೆತರೆ ಪಕ್ಕದ್ದೂ ಹೋಗುತ್ತದೆಂದು ನಮ್ಮ ರೈತರು ಬೇರೆ ಬೇರೆ ಮಾಡಿ ಹರವುತ್ತಾರೆ. ಮನುಷ್ಯರ ವಿಷಯದಲ್ಲಿಯೂ ಕೊನೆಗೆ ಹಾಗೆಯೇ ಆಯಿತು.

ಸತ್ವವಂತರ ಮೈಗೆ ಇದು ಏನೂ ಮಾಡದು. ಉಪ್ಪುಬೆವರಿನವರ ಶ್ವಾಸಕೋಶಕ್ಕೆ ಹೊಕ್ಕರೆ ಕೆಲವರಲ್ಲಿ ಸುಮ್ಮನಿರುತ್ತದೆ, ಕೆಲವರನ್ನು ಕೆಲವೇ ವಾರಗಳಲ್ಲಿ ಜ್ವರ ಏರಿಸಿ ಕೊಲ್ಲುತ್ತದೆ. ಟೊರಾಂಟೊದ ವೈದ್ಯರು ೧೯೮೪ರಲ್ಲಿ ಈ ಬಗೆಯ ಸಾವುಗಳನ್ನು ವರದಿ ಮಾಡಿದರು. ಹೆಚ್ಚಿನ ಔಷಧಗಳು ಇದಕ್ಕೆ ತಾಗುವುದಿಲ್ಲ. ಆಗ ಉತ್ತರ ಅಮೆರಿಕದಲ್ಲಿ ಈ ರೋಗದ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ಶಾಲೆಯಲ್ಲಿ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುವ ಮಕ್ಕಳಿಗೆ, ಎಲ್ಲರೂ ಕೆಮ್ಮುವವರೇ ಆದ ಒಂದು ಜಾಗ ಎಷ್ಟು ಹಿತವೆನಿಸಿರಬೇಕು! ಬ್ರಿಟನ್ನಿನಿಂದಲೂ ಕೆನಡಾದ ಶಿಬಿರಕ್ಕೆ ಕೆಲವರು ಹೋಗಿ ಬಂದರು. ಆಮೇಲೆ ಪರೀಕ್ಷಿಸಿದರೆ ಟೊರಾಂಟೊದ ರೋಗಿಗಳಲ್ಲೂ ಎಡಿನ್‌ಬರೋದ ರೋಗಿಗಳಲ್ಲೂ ಒಂದೇ ತಳಿಯ ಬ್ಯಾಕ್ಟೀರಿಯಾ. ಆ ತಳಿಗೆ ಎರಡೂ ಊರುಗಳ ಮೊದಲಕ್ಷರಗಳನ್ನೇ ಹೆಸರಾಗಿ ಇಟ್ಟಿದ್ದಾರೆ. ೧೯೯೩ರಲ್ಲಿ ಎಡಿನ್‌ಬರೋದ ಜಾನ್ ಗೋವನ್ ಮತ್ತು ಸಂಗಡಿಗರು ಇದು ರೋಗಿಯಿಂದ ರೋಗಿಗೆ ಒಡನಾಟದಲ್ಲಿ ಹರಡುತ್ತದೆಂದು ಆಧಾರ ಸಹಿತ ತೋರಿಸಿದರು. ಶಿಬಿರಗಳು ಮುಚ್ಚಿದವು. ಒಂದೇ ರೋಗದ ಇಬ್ಬರು ಆರಡಿಗಿಂತ ಹತ್ತಿರ ಬರಬಾರದೆಂಬ ನಿಯಮ ಬಂತು, ಅಪ್ಪಿಕೊಳ್ಳುವುದಂತೂ ದೂರ. ತನ್ನ ನೋವನ್ನು ಹೇಳದೆಯೇ ತಿಳಿಯಬಲ್ಲವನು ಯಾರೋ, ಅವನನ್ನೇ ಕಂಡರೆ ದೂರ ಸರಿಯಬೇಕಾದ ಪಾಡು ಇದು. ನಮ್ಮಲ್ಲಿ ಮುಟ್ಟಬಾರದೆಂಬ ಮಾತಿಗೆ ಬೇರೆಯೇ ಒಂದು ಕೆಟ್ಟ ಚರಿತ್ರೆಯಿರುವುದರಿಂದ ಈ ಭಾಗವನ್ನು ಓದುವಾಗ ನನಗೆ ಕಸಿವಿಸಿಯಾಯಿತು. ಇಲ್ಲಿ ಮುಟ್ಟದಿರುವುದು ಇನ್ನೊಬ್ಬನ ಜೀವ ಉಳಿಸುವುದಕ್ಕೆ ಎಂದು ಮನಸ್ಸಿಗೆ ತಿಳಿಹೇಳಿಕೊಂಡೆ.

ಇಂಥವರಿಗೆ ಕಸಿ ಮಾಡಬಹುದೆ? ಮಾಡಿದ ಹಲವರು ತಿಂಗಳುಗಳಲ್ಲಿ ಸತ್ತರು. ದಾನಿಗಳ ಶ್ವಾಸಕೋಶ ಎಲ್ಲ ಕಡೆಯೂ ದುರ್ಲಭ. ಸಾಯುವ ಸಂಭವ ಹೆಚ್ಚಿರುವವನಿಗೆ ಕೊಟ್ಟರೆ ಬದುಕಬಹುದಾಗಿದ್ದ ಇನ್ನೊಬ್ಬನ ಪಾಲನ್ನು ಕಳೆದಂತೆ. ಹೀಗೆ ಯೋಚಿಸಿ ಅನೇಕ ಆಸ್ಪತ್ರೆಗಳು ಬಾಗಿಲು ಮುಚ್ಚಿದವು. ಆದರೆ ಒಂದೇ ಎಂದು ತಿಳಿದಿದ್ದ ಸೆಪೇಸಿಯಾ ಒಂದಲ್ಲ, ಹಲವು ಜಾತಿಗಳ ಗುಂಪು ಎಂಬುದು ಈ ನಡುವೆ ಗೊತ್ತಾಗಿತ್ತು. ೨೦೦೧ರಲ್ಲಿ ಅಮೆರಿಕದ ಚಾಪೆಲ್ ಹಿಲ್, ಇಂಗ್ಲೆಂಡಿನ ನ್ಯೂಕ್ಯಾಸಲ್, ಕೆನಡಾದ ಟೊರಾಂಟೊ ಈ ಮೂರೂ ಕಡೆಯ ವೈದ್ಯರು ತಮ್ಮ ತಮ್ಮ ಅನುಭವವನ್ನು ಪ್ರಕಟಿಸಿದರು. ಕಸಿಯಾದ ಮೇಲೆ ಕೊಲ್ಲುವುದು ಮುಖ್ಯವಾಗಿ ಅವುಗಳಲ್ಲೊಂದು ಜಾತಿ. ಅದಕ್ಕೆ ಆಮೇಲೆ ಸೀನೋಸೆಪೇಸಿಯಾ ಎಂದು ಹೆಸರಾಯಿತು. ಮಲ್ಟಿವೊರಾನ್ಸ್ ಮೊದಲಾದ ಬೇರೆ ಜಾತಿಗಳಿದ್ದವರು ಹೆಚ್ಚುಕಡಿಮೆ ಇತರರಂತೆಯೇ ಬದುಕುತ್ತಾರೆ. ಹೆಸರಿಡುವ ಶಾಸ್ತ್ರವೆಂದರೆ ಮೂಗು ಮುರಿಯುವವರನ್ನು ನಾನು ಕಂಡಿದ್ದೇನೆ. ನಾಮ ಆಖ್ಯಾತ ಕಲಿಸುವ ನಮ್ಮಂಥವರ ಪಾಡೂ ಅದೇ. ಇಲ್ಲಿ ಒಂದು ಹೆಸರು ಎರಡಾದುದರಿಂದ ಕೆಲವರಿಗೆ ಜೀವ ಸಿಕ್ಕಿತು.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನನ್ನಲ್ಲಿ ಓದಿದ ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳು ಮದುವೆಯಾಗಿ ಅಮೆರಿಕಕ್ಕೆ ಹೋದಳು. ಅವರದು ಸೋದರಿಕೆಯ ಸಂಬಂಧವಲ್ಲ, ಆದರೂ ಹುಟ್ಟಿದ ಮಗನಿಗೆ ಈ ರೋಗ ಬಂತು. ಹತ್ತೊಂಬತ್ತನೆಯ ವಯಸ್ಸಿಗೆ ಹುಡುಗ ಆಮ್ಲಜನಕದ ಕೊಳವೆಯಿಲ್ಲದೆ ಮೆಟ್ಟಿಲು ಹತ್ತಲಾರದಾದ. ಕಫದಲ್ಲಿ ಉಳ್ಳಾಗಡ್ಡಿಯ ಬ್ಯಾಕ್ಟೀರಿಯಾ ಇದೆಯೆಂದು ಮೊದಲು ಹೋದ ಆಸ್ಪತ್ರೆಯವರು ಕಸಿಗೆ ಒಲ್ಲೆವೆಂದರು. ಆ ರಾತ್ರಿ ಆಕೆ ನನಗೆ ದೂರವಾಣಿ ಮಾಡಿ, "ಸರ್, ಉಳ್ಳಾಗಡ್ಡಿ ಕೊಳಸೂ ಹುಳ ಅಂತ್ರೀ, ನಮ್ಮ ಮನ್ಯಾಗಿಂದ ಬಂತೇನ್ರಿ ಇದು? ನಾನs ಅಡಗಿ ಮಾಡಿ ತಂದೆ ಏನ್ರಿ?" ಎಂದು ಅತ್ತಳು. "ಹಂಗೇನೂ ಇಲ್ಲ ತಂಗೀ, ಅದು ಮಣ್ಣಿನ್ಯಾಗ, ನೀರಿನ್ಯಾಗ ಎಲ್ಲಾ ಕಡೀ ಇರ್ತದ" ಎಂದೆ. ಕಾಯಿಪಲ್ಲೆಯ ಉಳ್ಳಾಗಡ್ಡಿಯಿಂದ ರೋಗಿಗೆ ಹತ್ತುವ ತಳಿಗಳು ಬರುತ್ತವೆಂಬುದಕ್ಕೆ ಆಧಾರವಿಲ್ಲವೆಂದು ಆಕೆಯ ವೈದ್ಯರೂ ಹೇಳಿದ್ದರಂತೆ. ಆದರೆ ತಾಯಿಗೆ ಆಧಾರಗಳು ಬೇಕಾಗುವುದಿಲ್ಲ. ಆಮೇಲೆ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಯಾವ ಜಾತಿಯೆಂದು ಸೂಕ್ಷ್ಮವಾಗಿ ಪರೀಕ್ಷಿಸಿದರು. ಮಲ್ಟಿವೊರಾನ್ಸ್ ಎಂದಾಯಿತು. ಹುಡುಗನ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡರು. ಎಂಟು ತಿಂಗಳು ಕಾದ ಮೇಲೆ, ೨೦೧೬ರಲ್ಲಿ, ಕಸಿಯಾಯಿತು.

ಕಾಯುವುದೆಂದರೆ ಯಾರನ್ನು ಕಾಯುವುದೆಂಬುದನ್ನು ಹೇಳಲೇಬೇಕು. ಕಣ್ಣನ್ನು ಮನೆಯಲ್ಲಿ ಸತ್ತವರಿಂದಲೂ ಕೆಲವು ಗಂಟೆಗಳೊಳಗೆ ಪಡೆಯಬಹುದು, ೨೦೦೬ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ಹಾಗೆ ಬೇರೆಯವರಿಗೆ ಬೆಳಕಾದವು. ಶ್ವಾಸಕೋಶ ಹಾಗಲ್ಲ. ಮಿದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರುವಾಗ, ಮನೆಯವರು ಎದೆ ಗಟ್ಟಿಮಾಡಿಕೊಂಡು ಒಪ್ಪಬೇಕು. ೨೦೨೧ರ ಜೂನ್ ತಿಂಗಳಲ್ಲಿ ನಟ ಸಂಚಾರಿ ವಿಜಯ್ ಅಪಘಾತದಿಂದ ಆ ಸ್ಥಿತಿಗೆ ಬಂದಾಗ ಅವರ ಬಂಧುಗಳು ಅಂಗದಾನಕ್ಕೆ ಒಪ್ಪಿದ್ದು ಕನ್ನಡಿಗರಿಗೆಲ್ಲ ನೆನಪಿದೆ. ಒಪ್ಪಿದರೂ ಶ್ವಾಸಕೋಶ ಒದಗುವುದು ಕಡಿಮೆ. ಉಸಿರಿನ ಯಂತ್ರದಲ್ಲಿದ್ದಾಗಲೇ ಅದಕ್ಕೆ ಸೋಂಕು ಹತ್ತುತ್ತದೆ. ಐವರು ದಾನಿಗಳಲ್ಲಿ ಒಬ್ಬರದು ಬಳಕೆಗೆ ಬಂದರೆ ಹೆಚ್ಚು. ನಮ್ಮಲ್ಲಿ ಅಂಗಾಂಗ ಕಸಿಯ ಕಾಯಿದೆಯಾದದ್ದು ೧೯೯೪ರಲ್ಲಿ. ಹೃದಯ ಶ್ವಾಸಕೋಶಗಳ ಜೋಡಿ ಕಸಿಯನ್ನು ದೇಶದಲ್ಲಿ ಮೊದಲಿಗೆ ಮಾಡಿದವರು ಚೆನ್ನೈನ ಡಾ. ಕೆ. ಎಂ. ಚೆರಿಯನ್, ೧೯೯೯ರಲ್ಲಿ. ಇಂದು ನಮ್ಮ ರಾಜ್ಯದಲ್ಲಿ ದಾನಿಗಳ, ಕಾಯುವವರ ಪಟ್ಟಿಯನ್ನು ಜೀವಸಾರ್ಥಕತೆ ಎಂಬ ಒಳ್ಳೆಯ ಕನ್ನಡ ಹೆಸರಿನ ಸಂಸ್ಥೆ ನೋಡಿಕೊಳ್ಳುತ್ತದೆ. ೨೦೨೩ರಲ್ಲಿ ಭಾರತದಲ್ಲಿ ಮೂತ್ರಪಿಂಡದ ಕಸಿ ಹದಿಮೂರು ಸಾವಿರಕ್ಕೂ ಮೀರಿ ನಡೆದರೆ ಶ್ವಾಸಕೋಶದ ಕಸಿ ಇನ್ನೂರರ ಆಸುಪಾಸಿನಲ್ಲಿತ್ತು.

ಕಸಿಯಾದವರ ಆಯುಷ್ಯವೂ ಅಳತೆಯದೇ. ಈ ರೋಗದವರಲ್ಲಿ ಅರ್ಧದಷ್ಟು ಮಂದಿ ಒಂಬತ್ತು ಹತ್ತು ವರ್ಷ ದಾಟುತ್ತಾರೆ. ಹೊರಗಿನ ಗಾಳಿಯೊಡನೆ ಉಸಿರು ಉಸಿರಿಗೂ ಸಂಪರ್ಕವಿರುವ ಅಂಗವಾದುದರಿಂದ ಸೋಂಕೂ ತಿರಸ್ಕಾರವೂ ಇದನ್ನು ಬಿಡದೆ ಬೆನ್ನು ಹತ್ತುತ್ತವೆ. ಈ ನಡುವೆ ೨೦೧೯ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಒಂದು ಸಂಯುಕ್ತ ಮಾತ್ರೆ, ಮುಚ್ಚಿದ ಆ ಉಪ್ಪಿನ ಕಿಂಡಿಯನ್ನೇ ತೆರೆಸುತ್ತದೆ. ಅದು ಬಂದ ಮೇಲೆ ಅಲ್ಲಿ ಈ ರೋಗಕ್ಕಾಗಿ ಕಸಿ ಮಾಡಿಸಿಕೊಳ್ಳುವವರ ಸಂಖ್ಯೆ ಬಹಳವಾಗಿ ಇಳಿದಿದೆ. ೨೦೧೯ರಲ್ಲಿ ಅಲ್ಲಿ ನಿಗದಿಯಾದ ಬೆಲೆ ವರ್ಷಕ್ಕೆ ಸುಮಾರು ಮೂರು ಲಕ್ಷ ಡಾಲರ್ ಇತ್ತು. ಖಜೂರಿಯಲ್ಲಿ ಇಂದು ಹುಟ್ಟುವ ಕೂಸಿಗೆ ಅದರಿಂದೇನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಕೂಸಿಗೆ ಮೊದಲು ಬೇಕಾದುದು ಮಾತ್ರೆಯಲ್ಲ, ಬೆವರನ್ನು ಅಳೆಯಬೇಕೆಂದು ಹೊಳೆಯುವ ಒಬ್ಬ ವೈದ್ಯ. ಮತ್ತು ಬೇಸಿಗೆಯಲ್ಲಿ ತಾಯಿಯ ಕೈಯಿಂದ ಒಂದು ಚಿಟಿಕೆ ಹೆಚ್ಚು ಉಪ್ಪು. ನನ್ನ ತಂಗಿಗೆ ಕೆಮ್ಮು ಹೆಚ್ಚಾಗದಿರಲೆಂದು ಆ ಬೇಸಿಗೆ ಪೂರ್ತಿ ಉಪ್ಪು ಹುಳಿ ಬಿಡಿಸಿ ಸಪ್ಪೆ ಗಂಜಿ ಕುಡಿಸಿದ್ದೆವು.

ಹೋದ ಬೇಸಿಗೆಯಲ್ಲಿ ಆ ಹುಡುಗ ತಾಯಿಯೊಡನೆ ದೂರವಾಣಿಯಲ್ಲಿ ಮಾತನಾಡಿದ. ಕಸಿಯಾಗಿ ಒಂಬತ್ತು ವರ್ಷ ತುಂಬುತ್ತಿತ್ತು. ಕನ್ನಡ ಅವನಿಗೆ ಅಷ್ಟಕ್ಕಷ್ಟೆ. ಲಂಗ್ಸ್‌ಗೆ ನಮ್ಮ ಭಾಷೆಯಲ್ಲಿ ಏನೆನ್ನುತ್ತಾರೆಂದು ಕೇಳಿದ. ಶ್ವಾಸಕೋಶ ಎಂದೆ; ಅವನ ನಾಲಗೆ ಹೊರಳಲಿಲ್ಲ. ಹಳೆಯ ಪುಸ್ತಕಗಳಲ್ಲಿ ಪುಪ್ಪುಸ ಎಂಬ ಮಾತೂ ಇದೆ ಎಂದೆ. ಅದು ಅವನಿಗೆ ಬಹಳ ಹಿಡಿಸಿತು. ಪುಪ್ಪುಸ, ಪುಪ್ಪುಸ ಎಂದು ನಾಲ್ಕಾರು ಸಲ ಹೇಳಿ ನಕ್ಕ. ನಗುವಾಗ ಕೆಮ್ಮು ಬರಲಿಲ್ಲ. ತಾಯಿ ಆ ಕಡೆಯಿಂದ ಸಾಕು ಬಿಡೋ, ಸರ್‌ಗೆ ಊಟದ ಹೊತ್ತಾಯಿತು ಎಂದಳು.